ಅಟ್ಲಾಂಟಿಕ್ ದಾಟುವ ಹಾಯಿದೋಣಿಯಲ್ಲಿ ದಿನಚರಿ ಹೂಡುವ ಕ್ರಮ: ಹೊರಡುವ ಮುನ್ನಾದಿನದಿಂದ ಬಂದರಿನವರೆಗೆ

ಕೇನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ 1.85 ಕಿ.ಮೀ., ಮುಂದೆ ಮೈಲಿ ಎಂದಲ್ಲೆಲ್ಲ ಇದೇ). ಹನ್ನೆರಡು ಮೀಟರ್ ಉದ್ದದ ಸಾಧಾರಣ ಹಾಯಿದೋಣಿ ದಿನಕ್ಕೆ 130ರಿಂದ 145 ಮೈಲಿ ಸಾಗಿದರೆ ಮೂರು ವಾರದೊಳಗೆ ದಾಟಿಬಿಡುತ್ತದೆ. ಮೊದಲ ಸಲ ಹೋಗುವವರೆಲ್ಲ ಬಿರುಗಾಳಿಗೆ ಹೆದರುತ್ತಾರೆ. ಆದರೆ ಬಹುಪಾಲು ಪ್ರಯಾಣಗಳು ಹದಗೆಡುವುದು ನಾಲ್ಕನೆಯ ದಿನ, ಒಳ್ಳೆಯ ಗಾಳಿಯಲ್ಲೇ. ಯಾರಿಗೂ ನಿದ್ದೆಯಾಗಿರುವುದಿಲ್ಲ, ತೊಟ್ಟಿಯಲ್ಲಿ ಮುಸುರೆ ಪಾತ್ರೆ ರಾಶಿ ಬಿದ್ದಿರುತ್ತದೆ, ಬ್ಯಾಟರಿ ಕುಸಿದಿರುತ್ತದೆ, ಇಬ್ಬರ ನಡುವೆ ಮಾತು ನಿಂತಿರುತ್ತದೆ.

ಇದಕ್ಕೆ ಕಾರಣ ದಿನಚರಿಯನ್ನು ತಪ್ಪು ಕ್ರಮದಲ್ಲಿ ಹೂಡುವುದು. ಹೆಚ್ಚಿನವರು ಮೂರು ವಾರದ ಊಟದ ಪಟ್ಟಿಯನ್ನು ದಡದಲ್ಲೇ ಬರೆದಿಟ್ಟು, ಕಾವಲಿನ ಪಾಳಿಯ ವಿಷಯವನ್ನು ಬಂದರು ಬಿಟ್ಟ ಮೇಲೆ ನೋಡಿಕೊಳ್ಳೋಣ ಎನ್ನುತ್ತಾರೆ. ಸರಿಯಾದ ಕ್ರಮ ಬೇರೆಯೇ. ಮೊದಲು ಪಾಳಿ ಮತ್ತು ನಿದ್ದೆ, ಆಮೇಲೆ ನೀರು, ಆಮೇಲೆ ಊಟ, ನಂತರ ವಿದ್ಯುತ್ತು, ಹಗ್ಗ, ಹಾಯಿ. ಮೇಲಿನದು ನಿಲ್ಲದೆ ಕೆಳಗಿನದು ನಿಲ್ಲುವುದಿಲ್ಲ.

ಇಲ್ಲಿ ನಾಲ್ವರಿರುವ, ಒಂದೇ ಒಡಲಿನ ದೋಣಿಯನ್ನು ಲೆಕ್ಕಕ್ಕೆ ಹಿಡಿದಿದ್ದೇನೆ. ಕಾಲ, ನವೆಂಬರ್ ಕೊನೆಯಿಂದ ಜನವರಿಯವರೆಗೆ. ಅಟ್ಲಾಂಟಿಕ್‌ನ ಚಂಡಮಾರುತದ ಋತು ನವೆಂಬರ್ 30ಕ್ಕೆ ಮುಗಿಯುತ್ತದೆ. ಈಶಾನ್ಯದ ವಾಣಿಜ್ಯ ಮಾರುತ ಬೆನ್ನ ಹಿಂದಿನಿಂದ ಸಾಮಾನ್ಯವಾಗಿ 15ರಿಂದ 25 ನಾಟ್ ವೇಗದಲ್ಲಿ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಬೀಸುತ್ತಿರುತ್ತದೆ. ಗಾಳಿ ಬೆನ್ನಿಗಿದ್ದರೆ ಸುಖ ಎಂದುಕೊಳ್ಳಬೇಡಿ. ದೋಣಿ ಹಗಲೂ ರಾತ್ರಿ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಮುಂದೆ ಹೇಳುವ ಅರ್ಧಕ್ಕರ್ಧ ಸೂಚನೆಗಳು ಈ ಹೊರಳಾಟದ ಸಲುವಾಗಿಯೇ ಇವೆ.

## 1. ಹೊರಡುವ ಮುನ್ನ: ಕೈಗೆ ಸಿಗಬೇಕಾದ ಸಾಮಾನು

ಪ್ರತಿಯೊಬ್ಬರಿಗೂ ಅವರವರದೇ ಆದ ಲೈಫ್ ಜಾಕೆಟ್ ಬೇಕು. ಅದರಲ್ಲೇ ಎದೆಪಟ್ಟಿ ಇರಬೇಕು, ತಮ್ಮನ್ನು ದೋಣಿಗೆ ಸಿಕ್ಕಿಸಿಕೊಳ್ಳಲು ಎರಡು ಕೊಕ್ಕೆಗಳ ಸುರಕ್ಷತಾ ಹಗ್ಗ ಇರಬೇಕು. ಪಟ್ಟಿಯನ್ನು ದಡದಲ್ಲೇ ಮೈಗೆ ಸರಿಹೊಂದಿಸಿ, ಹೆಸರು ಬರೆದಿಡಿ. ಕತ್ತಲಲ್ಲಿ ಬೇರೆಯವರ ಜಾಕೆಟ್ಟನ್ನು ಬಿಗಿಮಾಡುತ್ತಾ ಕೂರುವುದಕ್ಕೆ ಸಮಯವಿರುವುದಿಲ್ಲ.

ಇನ್ನುಳಿದದ್ದು: ಕೆಂಪು ಬೆಳಕಿನ ತಲೆದೀಪ, ಬೆರಳು ಮುಚ್ಚುವ ಪಾದರಕ್ಷೆ, ಮಳೆಯಂಗಿ, ಅಗಲ ತಳದ ಆಳವಾದ ಬಟ್ಟಲು, ಅಡುಗೆಮನೆಯಲ್ಲಿ ಬಳಸುವಂಥ ಟೈಮರ್, ಗಟ್ಟಿ ರಟ್ಟಿನ ದಿನಚರಿ ಪುಸ್ತಕ, ಪೆನ್ಸಿಲ್. ಪೆನ್ನಿನ ಶಾಯಿ ಒದ್ದೆ ಹಾಳೆಯಲ್ಲಿ ಹರಡಿಹೋಗುತ್ತದೆ. ಬಟ್ಟೆಬರೆ ಮೆತ್ತನೆಯ ಚೀಲದಲ್ಲಿರಲಿ. ಗಾಲಿ ಇರುವ ಗಟ್ಟಿ ಸೂಟ್‌ಕೇಸನ್ನು ಇಡಲು ದೋಣಿಯಲ್ಲಿ ಜಾಗವೇ ಇಲ್ಲ.

ಯಾವ ವಸ್ತು ಎಲ್ಲಿದೆ ಎಂಬುದಕ್ಕೆ ಒಂದು ಪುಸ್ತಕ ಇಡಿ. 'ಎಡ ಆಸನದ ಕೆಳಗೆ, ಹಿಂದಿನ ಪೆಟ್ಟಿಗೆ: ಅಕ್ಕಿ, ಬೇಳೆ, ಬ್ಯಾಟರಿ ಸೆಲ್ಲು' ಎಂಬಷ್ಟು ಸ್ಪಷ್ಟವಾಗಿ ಬರೆಯಿರಿ. ಇದಿಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಒಂದು ಟಾರ್ಚ್ ಸೆಲ್ಲಿಗಾಗಿ, ಮಲಗಿದವರನ್ನು ಎಬ್ಬಿಸಿ ಅವರ ಹಾಸಿಗೆ ಎತ್ತಬೇಕಾಗುತ್ತದೆ.

## 2. ಪಾಳಿ: ಮೊದಲ ಸಂಜೆಗೆ ಮೊದಲೇ ಗೋಡೆಗೆ ಅಂಟಿಸಿ

ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದರ ಸಾರ ಇಷ್ಟು: ಎಲ್ಲ ಹೊತ್ತಿನಲ್ಲೂ, ಕಣ್ಣು ಕಿವಿ ಎರಡರಿಂದಲೂ, ಕೈಗಿರುವ ಎಲ್ಲ ಸಾಧನಗಳಿಂದಲೂ ಕಾವಲಿರಬೇಕು. ಡಿಸೆಂಬರ್‌ನಲ್ಲಿ ಈ ದಾರಿಯಲ್ಲಿ ರಾತ್ರಿ ಹಗಲಿಗಿಂತ ಉದ್ದ. ಆದ್ದರಿಂದ ಪಾಳಿಯ ಲೆಕ್ಕ ರಾತ್ರಿಯಿಂದಲೇ ಶುರುವಾಗಬೇಕು.

ನಾಲ್ವರಿದ್ದರೆ ಹೀಗೆ ಹಂಚಿ: ರಾತ್ರಿ 8ರಿಂದ 11, 11ರಿಂದ 2, 2ರಿಂದ 5, 5ರಿಂದ 8. ಪ್ರತಿಯೊಬ್ಬರಿಗೂ ಮೂರು ಗಂಟೆ ಕಾವಲು, ಒಂಬತ್ತು ಗಂಟೆ ಬಿಡುವು. ಹಗಲಿನಲ್ಲೂ ಇದೇ ಸರದಿ ನಡೆಯಲಿ, ಆದರೆ ಸ್ವಲ್ಪ ಸಡಿಲವಾಗಿ. ಇಬ್ಬರೇ ಇದ್ದರೆ ಮೂರು ಗಂಟೆ ಕಾವಲು, ಮೂರು ಗಂಟೆ ನಿದ್ದೆ. ಹಗಲಲ್ಲಿ ಇಬ್ಬರೂ ಇನ್ನೊಂದೊಂದು ಉದ್ದನೆಯ ನಿದ್ದೆ ತೆಗೆಯಲೇಬೇಕು.

ನಡುರಾತ್ರಿಯ ಪಾಳಿ ಒಬ್ಬರಿಗೇ ಬೀಳುವುದು ಅನ್ಯಾಯ ಎಂದು ದಿನವೂ ಸರದಿ ತಿರುಗಿಸುವವರಿದ್ದಾರೆ. ನನ್ನ ಮಟ್ಟಿಗೆ ಇದು ಕೆಟ್ಟ ಅಭ್ಯಾಸ. ದಿನಕ್ಕೊಂದು ಹೊತ್ತಿಗೆ ಎಬ್ಬಿಸಿದರೆ ಮೈ ಯಾವುದಕ್ಕೂ ಒಗ್ಗುವುದಿಲ್ಲ, ನ್ಯಾಯ ಸಿಕ್ಕಿತೆಂಬ ಸಮಾಧಾನದಲ್ಲಿ ನಾಲ್ವರೂ ತೂಕಡಿಸುತ್ತಾರೆ. ಒಂದು ವಾರ ಒಂದೇ ಹೊತ್ತು ಇರಲಿ, ಬೇಕಿದ್ದರೆ ಎಂಟನೆಯ ದಿನ ಬದಲಿಸಿ.

ಹತ್ತು ನಿಮಿಷಕ್ಕೊಮ್ಮೆ ದಿಗಂತ ನೋಡಿ. ಲೆಕ್ಕ ಹೀಗಿದೆ. ದೊಡ್ಡ ಹಡಗಿನ ಕೂವೆಕಂಬದ ದೀಪ ಕನಿಷ್ಠ ಆರು ಮೈಲಿ ದೂರಕ್ಕೆ ಕಾಣಬೇಕೆಂಬುದು ನಿಯಮ. ಹಡಗು 20 ನಾಟ್, ನೀವು 6 ನಾಟ್ ವೇಗದಲ್ಲಿ ಎದುರಾಬದುರಾಗಿ ಬರುತ್ತಿದ್ದರೆ ಆ ಆರು ಮೈಲಿ ಕರಗಲು ಹದಿನಾಲ್ಕು ನಿಮಿಷವೂ ಬೇಡ. ಟೈಮರನ್ನು ಹತ್ತಕ್ಕೆ ಇಟ್ಟು, ಅದು ಕೂಗಿದಾಗಲೆಲ್ಲ ಎದ್ದು ನಿಂತು ಪೂರ್ತಿ ಸುತ್ತು ನೋಡಿ. ಹಿಂದಕ್ಕೂ ನೋಡಿ. ಹಾಯಿಯ ಮರೆಯಲ್ಲಿ ಏನಿದೆ ಎಂದು ಬಗ್ಗಿ ನೋಡಿ. ಹಡಗುಗಳನ್ನು ಪರದೆಯ ಮೇಲೆ ತೋರಿಸುವ ಎಐಎಸ್ ಉಪಕರಣ ಒಳ್ಳೆಯದೇ. ಆದರೆ ಸಣ್ಣ ಮೀನುಗಾರಿಕೆ ದೋಣಿಗಳು, ಹಲವು ಹಾಯಿದೋಣಿಗಳು ಅದರಲ್ಲಿ ಕಾಣುವುದಿಲ್ಲ.

ಪಾಳಿ ಒಪ್ಪಿಸುವ ವಿಧಾನ. ಮುಂದಿನವರನ್ನು ಇಪ್ಪತ್ತು ನಿಮಿಷ ಮೊದಲೇ ಭುಜ ತಟ್ಟಿ ಎಬ್ಬಿಸಿ. ಬಿಳಿ ದೀಪ ಹಾಕಬೇಡಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಅವರು ಮೆಟ್ಟಿಲ ಮೇಲೆ ಬರುವ ಮೊದಲೇ ಸುರಕ್ಷತಾ ಹಗ್ಗದ ಕೊಕ್ಕೆಯನ್ನು ಸಿಕ್ಕಿಸಿಕೊಂಡಿರಬೇಕು. ಆಮೇಲೆ ದಿಕ್ಕು, ಗಾಳಿ, ಹಾಯಿ, ಕಂಡ ಹಡಗುಗಳು, ಬ್ಯಾಟರಿ, ಹೊಸದಾಗಿ ಕೇಳಿಬಂದ ಸದ್ದು, ಇಷ್ಟನ್ನೂ ಬಾಯಿಬಿಟ್ಟು ಹೇಳಿ. 'ಎಲ್ಲ ಸರಿಯಿದೆ' ಎಂದು ಒಳಗೆ ಹೋಗಿ ಮಲಗುವುದು ಒಪ್ಪಿಸಿದಂತಾಗುವುದಿಲ್ಲ.

ಒಬ್ಬರೇ ಇದ್ದಾಗ ಚುಕ್ಕಾಣಿ ಹಿಡಿದು ಕೂರುವ ತಗ್ಗು ಜಾಗವಾದ ಕಾಕ್‌ಪಿಟ್ ಬಿಟ್ಟು ಕದಲಬೇಡಿ. ಆರು ನಾಟ್ ಎಂದರೆ ಸೆಕೆಂಡಿಗೆ ಮೂರು ಮೀಟರ್. ಬಿದ್ದವರು ಒಂದು ನಿಮಿಷದಲ್ಲಿ 185 ಮೀಟರ್ ಹಿಂದುಳಿಯುತ್ತಾರೆ, ಆಗ ಅಲೆಗಳ ನಡುವೆ ತಲೆ ಕಾಣುವುದಿಲ್ಲ. ಮುಂಭಾಗದಲ್ಲಿ ಕೆಲಸವಿದ್ದರೆ ಇನ್ನೊಬ್ಬರನ್ನು ಎಬ್ಬಿಸಿ. ನಮ್ಮವರಲ್ಲಿ ಒಂದು ಸಂಕೋಚವಿದೆ. ವಯಸ್ಸಾದವರನ್ನು, ಅದರಲ್ಲೂ ದೋಣಿಯ ಮುಖ್ಯಸ್ಥರಾದ ಸ್ಕಿಪ್ಪರನ್ನು, ಸಣ್ಣ ಕಾರಣಕ್ಕೆ ಎಬ್ಬಿಸುವುದು ಹೇಗೆ ಎಂದು ಅರ್ಧ ಗಂಟೆ ಕಾಯುತ್ತಾರೆ. ಅಷ್ಟರಲ್ಲಿ ಸಣ್ಣ ಕಾರಣ ದೊಡ್ಡದಾಗಿರುತ್ತದೆ. ಸಂದೇಹ ಬಂದಾಗ ಎಬ್ಬಿಸುವುದೇ ಕೆಲಸ, ಎಬ್ಬಿಸದಿರುವುದೇ ತಪ್ಪು ಎಂದು ಸ್ಕಿಪ್ಪರ್ ಮೊದಲ ಸಂಜೆಯೇ ಎಲ್ಲರೆದುರು ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ.

ಗಡಿಯಾರ. ದಿನಚರಿ ಪುಸ್ತಕದಲ್ಲಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯವನ್ನೇ ಬರೆಯಿರಿ. ಕೇನರಿಯ ಚಳಿಗಾಲದ ಸಮಯವೂ ಅದೇ, ಸೇಂಟ್ ಲೂಸಿಯಾ ಅದಕ್ಕಿಂತ ನಾಲ್ಕು ಗಂಟೆ ಹಿಂದೆ. ದಿನಬಳಕೆಯ ಗಡಿಯಾರವನ್ನು ಐದಾರು ದಿನಕ್ಕೊಮ್ಮೆ ಒಂದು ಗಂಟೆ ಹಿಂದಕ್ಕೆ ತಿರುಗಿಸಿ, ಆದರೆ ಮಧ್ಯಾಹ್ನ ಎಲ್ಲರೂ ಎದ್ದಿರುವಾಗ ಮಾತ್ರ. ರಾತ್ರಿ ತಿರುಗಿಸಿದರೆ ಯಾರೋ ಒಬ್ಬರ ಪಾಳಿ ನಾಲ್ಕು ಗಂಟೆಯಾಗುತ್ತದೆ, ಆ ಮುನಿಸು ದಡದವರೆಗೂ ಉಳಿಯುತ್ತದೆ.

## 3. ನಿದ್ದೆ: ಬಿಡುವಲ್ಲ, ಕೆಲಸದ ಭಾಗ

ದೋಣಿಯ ಮೂತಿಯಲ್ಲಿರುವ ಚಂದದ ಕೋಣೆ ಬಂದರಿಗೆ ಮಾತ್ರ. ಸಾಗುವಾಗ ಅಲ್ಲಿ ಮಲಗಿದರೆ ಹಾಸಿಗೆಯಿಂದ ಮೇಲಕ್ಕೆ ಹಾರುತ್ತೀರಿ. ನಡುಭಾಗದ ಇಲ್ಲವೇ ಹಿಂಭಾಗದ ಕಿರಿದಾದ ಹಾಸಿಗೆಯೇ ಒಳ್ಳೆಯದು. ಉರುಳದಂತೆ ಬದಿಗೆ ಕಟ್ಟುವ ಗಟ್ಟಿ ಬಟ್ಟೆಯನ್ನು ದಡದಲ್ಲೇ ಕಟ್ಟಿ, ಯಾರಾದರೂ ಅದಕ್ಕೆ ಒರಗಿ ಪರೀಕ್ಷಿಸಲಿ. ಬೆನ್ನಿಗೂ ಹೊಟ್ಟೆಗೂ ದಿಂಬು ಒತ್ತಿಕೊಂಡು ಮೈ ಅಲುಗದಂತೆ ಮಾಡಿ. ಸ್ನಾಯುಗಳು ರಾತ್ರಿಯಿಡೀ ಮೈಯನ್ನು ಹಿಡಿದಿಡಲು ದುಡಿದರೆ ಎಂಟು ಗಂಟೆ ಮಲಗಿದರೂ ಮೂರು ಗಂಟೆಯ ನಿದ್ದೆಯಷ್ಟೇ ಸಿಗುತ್ತದೆ.

ಮೊದಲ ರಾತ್ರಿ ಎಲ್ಲರೂ ಮಲಗುವ ಮುನ್ನ ಸದ್ದು ಹುಡುಕಿ. ಕಪಾಟಿನಲ್ಲಿ ಉರುಳುವ ಬಾಟಲಿ, ತಟ್ಟೆಗಳ ಕಟಕಟ, ಕೂವೆಕಂಬಕ್ಕೆ ಬಡಿಯುವ ಹಗ್ಗ. ಸಂದುಗಳಿಗೆ ಕಾಲುಚೀಲ, ಟವೆಲ್ಲು ತುರುಕಿ. ಉಪ್ಪುನೀರಿನಲ್ಲಿ ನೆನೆದ ಬಟ್ಟೆಯೊಂದಿಗೆ ಹಾಸಿಗೆಗೆ ಹೋಗಬೇಡಿ. ಉಪ್ಪು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ, ಆ ಹಾಸಿಗೆ ಮತ್ತೆ ಒಣಗುವುದಿಲ್ಲ.

ನಿದ್ದೆಗೇಡಿನ ಎಚ್ಚರಿಕೆಯ ಗುರುತುಗಳನ್ನು ಒಬ್ಬರಲ್ಲೊಬ್ಬರು ಗಮನಿಸಬೇಕು, ಸ್ವತಃ ಗೊತ್ತಾಗುವುದಿಲ್ಲ. ದಿಕ್ಸೂಚಿ ಓದಿ ಪುಸ್ತಕದ ತನಕ ಬರುವಷ್ಟರಲ್ಲಿ ಸಂಖ್ಯೆ ಮರೆಯುವುದು, ಸದಾ ಕಟ್ಟುವ ಗಂಟನ್ನು ಕಟ್ಟಲು ತಡವರಿಸುವುದು, ಎಂಜಿನ್ ಪೆಟ್ಟಿಗೆಯ ಕಡೆಯಿಂದ ಯಾರೋ ಮಾತಾಡಿದಂತೆ ಕೇಳಿಸುವುದು, ಉಪ್ಪು ಹೆಚ್ಚಾಯಿತೆಂಬ ಮಾತಿಗೆ ಕಣ್ಣು ಕೆಂಪಾಗುವುದು. ಇವುಗಳಲ್ಲಿ ಎರಡು ಕಂಡರೂ ಅವರಿಗೆ ಆ ರಾತ್ರಿಯ ಪಾಳಿ ಬಿಡಿಸಿ, ಉಳಿದ ಮೂವರು ನಾಲ್ಕು ನಾಲ್ಕು ಗಂಟೆ ಹಂಚಿಕೊಳ್ಳಿ.

## 4. ಮೊದಲ ಮೂರು ದಿನ: ಕಡಲಬೇನೆ

ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಮೈ ಒಗ್ಗುತ್ತದೆ. ಅಲ್ಲಿಯವರೆಗೆ ದೊಡ್ಡ ಯೋಜನೆ ಬೇಡ. ಲಾಸ್ ಪಾಲ್ಮಾಸ್ ಬಿಟ್ಟು ದಕ್ಷಿಣಕ್ಕೆ ಹೊರಟವರಿಗೆ ಆ ಊರಿರುವ ಗ್ರಾನ್ ಕನೇರಿಯಾ ದ್ವೀಪದ ಆಗ್ನೇಯ ತೀರದ ಬಳಿ, ಎತ್ತರದ ದ್ವೀಪದ ಅಂಚಿನಲ್ಲಿ ಗಾಳಿ ಹಿಂಡಿಕೊಂಡು ಹತ್ತು ಹದಿನೈದು ನಾಟ್ ಹೆಚ್ಚಾಗುವ ವಲಯವಿದೆ. ಬೀಳ್ಕೊಡುಗೆಯ ಊಟ ಹೊಟ್ಟೆಯಲ್ಲಿರುವಾಗಲೇ ಅದು ಎದುರಾಗುತ್ತದೆ. ಹಾಯಿಯನ್ನು ಮೊದಲೇ ಕಿರಿದು ಮಾಡಿ, ಹೊಟ್ಟೆಯನ್ನೂ ಹಗುರ ಇಟ್ಟುಕೊಂಡು ಹೊರಡಿ.

ಮಾತ್ರೆಯನ್ನು ಹೊರಡುವ ಹಿಂದಿನ ರಾತ್ರಿಯೇ ಶುರುಮಾಡಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸಿನ್ನರಿಜಿನ್ ಮಾತ್ರೆ ನಮ್ಮಲ್ಲೂ ಸಿಗುತ್ತದೆ, ಹಲವರಿಗೆ ನಿದ್ದೆ ಬರಿಸುತ್ತದೆ. ವೈದ್ಯರನ್ನು ಕೇಳಿ, ಮನೆಯಲ್ಲಿ ಒಂದು ದಿನ ತೆಗೆದುಕೊಂಡು ನೋಡಿ.

ಬೇನೆ ಬಂದವರು ಎರಡರಲ್ಲಿ ಒಂದನ್ನು ಮಾಡಬೇಕು: ಹೊರಗೆ ಕುಳಿತು ದಿಗಂತ ನೋಡುತ್ತಾ ಚುಕ್ಕಾಣಿ ಹಿಡಿಯುವುದು, ಇಲ್ಲವೇ ಕಣ್ಣು ಮುಚ್ಚಿ ಅಂಗಾತ ಮಲಗುವುದು. ಒಳಗೆ ಕುಳಿತು ಮೊಬೈಲ್ ನೋಡುವುದು ಎರಡೂ ಅಲ್ಲ. ಮಂಡಕ್ಕಿ, ಒಣ ಬಿಸ್ಕತ್ತು, ಶುಂಠಿ, ಗುಟುಕು ಗುಟುಕಾಗಿ ನೀರು. ಓಆರ್‌ಎಸ್ ಪೊಟ್ಟಣ ತೀರಿದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು.

ವಾಂತಿ ಬಕೆಟ್ಟಿಗೆ ಮಾಡಿ, ಕಂಬಿಯಾಚೆ ಬಾಗಿ ಅಲ್ಲ. ನಿತ್ರಾಣವಾದ ಮನುಷ್ಯ ಕಂಬಿಯ ಹೊರಗೆ ಅರ್ಧ ಮೈ ಚಾಚಿ ನಿಲ್ಲುವುದಕ್ಕಿಂತ ಅಪಾಯ ಇನ್ನೊಂದಿಲ್ಲ. ಗಂಡಸರು ರಾತ್ರಿ ಅಂಚಿನಲ್ಲಿ ನಿಂತು ಮೂತ್ರ ಮಾಡುವುದಕ್ಕೂ ಇದೇ ಮಾತು.

ಇಡೀ ದಿನ ನೀರು ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವಿಲ್ಲದಿದ್ದರೆ, ಮಾತು ತೊದಲಿದರೆ ಅದನ್ನು ಕಡಲಬೇನೆ ಎಂದು ತಳ್ಳಿಹಾಕಬೇಡಿ. ಕೂಡಲೇ ಉಪಗ್ರಹ ಫೋನಿನಲ್ಲಿ ವೈದ್ಯರ ಸಲಹೆ ಪಡೆಯಿರಿ. ಕೇಪ್ ವರ್ಡೆ ದ್ವೀಪಗಳ ಮಿಂಡೆಲೊ ಬಂದರು ದಾರಿಯಿಂದ ತುಸು ದಕ್ಷಿಣಕ್ಕಿದೆ, ಮೊದಲ ವಾರದಲ್ಲಿ ಅತ್ತ ತಿರುಗುವ ಅವಕಾಶ ಇರುತ್ತದೆ.

## 5. ನೀರು: ಅಳೆದು ಸುರಿಯಿರಿ

ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರ್. ನಾಲ್ವರಿಗೆ 25 ದಿನಕ್ಕೆ 400 ಲೀಟರ್. ಪ್ರಯಾಣ ಇಪ್ಪತ್ತು ದಿನದ್ದಾದರೂ ಲೆಕ್ಕ ಇಪ್ಪತ್ತೈದಕ್ಕೇ ಇರಲಿ. ಇದರ ಮೇಲೆ ಕನಿಷ್ಠ 60 ಲೀಟರನ್ನು ಬಾಟಲಿಗಳಲ್ಲಿ ಬೇರೆಯಾಗಿಟ್ಟು, ಅದನ್ನು ಮರೆತುಬಿಡಿ.

ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವಿದೆ ಎಂಬ ಧೈರ್ಯದಲ್ಲಿ ತೊಟ್ಟಿ ಅರ್ಧ ತುಂಬಿಸಿ ಹೊರಡುವವರು ಪ್ರತಿ ವರ್ಷವೂ ಇರುತ್ತಾರೆ. ಆ ಯಂತ್ರಕ್ಕೆ ವಿದ್ಯುತ್ತು ಬೇಕು, ಅದರ ಪಂಪು ಕೆಟ್ಟರೆ ನಡುಗಡಲಲ್ಲಿ ಅಂಗಡಿಯಿಲ್ಲ. ಯಂತ್ರದ ನೀರು ಸ್ನಾನದ ಸುಖಕ್ಕೆ, ತೊಟ್ಟಿಯ ನೀರು ಜೀವಕ್ಕೆ ಎಂದು ತಿಳಿಯಿರಿ.

ಎರಡು ತೊಟ್ಟಿಗಳಿದ್ದರೆ ಒಂದರ ಕವಾಟ ಮುಚ್ಚಿರಲಿ. ಯಾರೂ ನಲ್ಲಿ ತಿರುಗಿಸದಿರುವಾಗ ಪಂಪು ತಾನಾಗಿ ಗುರ್ರೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ತಕ್ಷಣ ಸ್ವಿಚ್ ಆರಿಸಿ, ಹುಡುಕಿ. ಕಾಲಿನಿಂದ ಒತ್ತುವ ಪಂಪು ಇದ್ದರೆ ಅದನ್ನೇ ಬಳಸಿ, ಒತ್ತಿದಷ್ಟೇ ನೀರು ಬರುತ್ತದೆ.

ಪಾತ್ರೆ ತೊಳೆಯುವುದು ಸಮುದ್ರದ ನೀರಿನಲ್ಲಿ, ಕೊನೆಯ ಜಾಲಿಕೆ ಮಾತ್ರ ಸಿಹಿನೀರಿನಲ್ಲಿ. ಆಲೂಗಡ್ಡೆಯನ್ನು ಸಿಪ್ಪೆ ಸಹಿತ ಸಮುದ್ರದ ನೀರಿನಲ್ಲೇ ಬೇಯಿಸಬಹುದು. ಅನ್ನಕ್ಕೆ ಹಾಗೆ ಮಾಡಬೇಡಿ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು ಅದು. ಮೂರು ಪಾಲು ಸಿಹಿನೀರಿಗೆ ಒಂದು ಪಾಲು ಸಾಕು, ಬೇರೆ ಉಪ್ಪು ಬೇಡ.

## 6. ಅಡುಗೆ ಮತ್ತು ದಾಸ್ತಾನು

ರಟ್ಟಿನ ಪೆಟ್ಟಿಗೆಗಳನ್ನು ಬಂದರಿನ ಕಟ್ಟೆಯ ಮೇಲೇ ಬಿಚ್ಚಿ ಎಸೆಯಿರಿ, ಅವುಗಳ ಮಡಿಕೆಯಲ್ಲಿ ಜಿರಳೆಯ ಮೊಟ್ಟೆಗಳಿರುತ್ತವೆ. ಈರುಳ್ಳಿ, ಆಲೂಗಡ್ಡೆ ಬೇರೆ ಬೇರೆ ಬಲೆಚೀಲಗಳಲ್ಲಿ ಗಾಳಿಯಾಡುವಂತಿರಲಿ. ಎಲೆಕೋಸು, ಕುಂಬಳಕಾಯಿ ಕೊನೆಯವರೆಗೂ ಬರುತ್ತವೆ. ತೊಳೆಯದ, ತಣ್ಣಗಿನ ಪೆಟ್ಟಿಗೆಯಲ್ಲಿಟ್ಟಿರದ ಮೊಟ್ಟೆಗಳನ್ನು ಎರಡು ದಿನಕ್ಕೊಮ್ಮೆ ತಿರುಗಿಸುತ್ತಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ಬಾಳೆಗೊನೆಯನ್ನು ಹಿಂದಿನ ಕಂಬಿಗೆ ನೇತುಹಾಕುವುದು ನೋಡಲು ಚಂದ, ಆದರೆ ಇಡೀ ಗೊನೆ ಎರಡೇ ದಿನದಲ್ಲಿ ಹಣ್ಣಾಗುತ್ತದೆ. ಆಮೇಲೆ ಯಾರಿಗೂ ಬಾಳೆಹಣ್ಣಿನ ಮುಖ ನೋಡಲಾಗುವುದಿಲ್ಲ.

ಮೊದಲ ಮೂರು ದಿನದ ಊಟವನ್ನು ದಡದಲ್ಲೇ ಬೇಯಿಸಿ ತಣ್ಣಗೆ ಕಟ್ಟಿಡಿ. ಆಮೇಲೆ ದಿನಕ್ಕೊಬ್ಬರ ಅಡುಗೆ ಸರದಿ. ಆ ದಿನ ಅವರಿಗೆ ಹಗಲಿನ ಕಾವಲು ಬೇಡ. ಬಿಸಿ ಊಟ ಕತ್ತಲಾಗುವ ಮೊದಲು, ನಾಲ್ವರೂ ಒಟ್ಟಿಗೆ ಕುಳಿತು ಮಾಡಬೇಕು. ದಿನದಲ್ಲಿ ಎಲ್ಲರೂ ಒಟ್ಟಿಗೆ ಕೂರುವ ಹೊತ್ತು ಅದೊಂದೇ, ಮನಸ್ತಾಪ ಬಗೆಹರಿಯುವುದೂ ಅಲ್ಲೇ.

ಪ್ರೆಶರ್ ಕುಕ್ಕರಿನಷ್ಟು ಒಳ್ಳೆಯ ಪಾತ್ರೆ ಹಾಯಿದೋಣಿಗೆ ಇನ್ನೊಂದಿಲ್ಲ. ಮುಚ್ಚಳ ಬಿಗಿಯಾಗಿರುತ್ತದೆ, ಉರುಳಿದರೂ ಚೆಲ್ಲುವುದಿಲ್ಲ, ಅನಿಲ ಉಳಿಯುತ್ತದೆ. ಬಿಸಿಬೇಳೆಬಾತ್, ಪೊಂಗಲ್, ಹುಳಿಯನ್ನ ಇಂಥ ಒಂದೇ ಪಾತ್ರೆಯ ಅಡುಗೆಗಳು ಇಲ್ಲಿಗಾಗಿಯೇ ಹುಟ್ಟಿದಂತಿವೆ. ಕರಿಯುವುದು ಮಾತ್ರ ಪೂರ್ತಿ ನಿಷಿದ್ಧ. ಒಗ್ಗರಣೆಯನ್ನು ಸಣ್ಣ ಸೌಟಿನಲ್ಲಿ ಮಾಡಬೇಡಿ, ಕುಕ್ಕರಿನ ಆಳದ ತಳದಲ್ಲೇ ಒಂದು ಚಮಚ ಎಣ್ಣೆಯಲ್ಲಿ ಮುಗಿಸಿ. ಚಟ್ನಿಪುಡಿ, ಗೊಜ್ಜವಲಕ್ಕಿಯ ಪುಡಿ ಇದ್ದರೆ ರಾತ್ರಿ ಪಾಳಿಯವರಿಗೆ ಒಲೆಯೇ ಬೇಡ.

ಒಲೆಯ ಮುಂದೆ ಯಾವ ಬಿಸಿಲಿದ್ದರೂ ಉದ್ದ ಪ್ಯಾಂಟು, ಮುಚ್ಚಿದ ಪಾದರಕ್ಷೆ, ದಪ್ಪ ಏಪ್ರನ್. ಒಲೆ ದೋಣಿಯ ಹೊರಳಿಗೆ ತಕ್ಕಂತೆ ತೂಗುತ್ತದೆ, ನೀವು ತೂಗುವುದಿಲ್ಲ. ಲೋಟವನ್ನು ಕೈಯಲ್ಲಿ ಹಿಡಿದು ಬಿಸಿನೀರು ಹೊಯ್ಯಬೇಡಿ, ಪಾತ್ರೆ ತೊಳೆಯುವ ತೊಟ್ಟಿಯೊಳಗೆ ಇಟ್ಟು ಅರ್ಧ ಮಾತ್ರ ತುಂಬಿಸಿ. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಸುರಿಯುತ್ತಲೇ ಇರಿ.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳಕ್ಕಿಳಿದು ಕಿಡಿಗಾಗಿ ಕಾಯುತ್ತದೆ. ಪ್ರತಿ ಸಲ ಒಲೆ ಆರಿಸಿದ ಮೇಲೆ ಸಿಲಿಂಡರಿನ ಕವಾಟವನ್ನೂ ಮುಚ್ಚಿ, ಮುಚ್ಚಿದೆ ಎಂದು ಗಟ್ಟಿಯಾಗಿ ಹೇಳಿ.

## 7. ವಿದ್ಯುತ್ತಿನ ಜಮಾಖರ್ಚು

12 ವೋಲ್ಟಿನ ವ್ಯವಸ್ಥೆಯಲ್ಲಿ ಸ್ವಯಂಚಾಲಿತ ಚುಕ್ಕಾಣಿ ಸರಾಸರಿ ನಾಲ್ಕು ಆಂಪಿಯರ್ ಎಳೆದರೂ ದಿನಕ್ಕೆ 96 ಆಂಪಿಯರ್-ಗಂಟೆ. ತಂಪುಪೆಟ್ಟಿಗೆಗೆ ಸುಮಾರು 50. ಉಪಕರಣ, ದೀಪ ಸೇರಿ 30. ಉಪಗ್ರಹ ಇಂಟರ್ನೆಟ್ಟನ್ನು ದಿನವಿಡೀ ಹಚ್ಚಿಟ್ಟರೆ ಇನ್ನೊಂದು ನೂರು. 400 ವಾಟ್ ಸೌರಫಲಕ ಒಳ್ಳೆಯ ದಿನ 120ರ ಆಸುಪಾಸು ಕೊಟ್ಟೀತು, ಹಾಯಿಯ ನೆರಳು ಬಿದ್ದರೆ ಅದೂ ಇಲ್ಲ. ಗಾಳಿಯಂತ್ರವನ್ನು ನೆಚ್ಚಬೇಡಿ: 20 ನಾಟ್ ಗಾಳಿಯಲ್ಲಿ ನೀವೂ ಅದೇ ದಿಕ್ಕಿಗೆ ಆರು ನಾಟ್ ಓಡುತ್ತಿದ್ದರೆ ಅದಕ್ಕೆ ಸಿಗುವುದು 14 ಮಾತ್ರ.

ಆದ್ದರಿಂದ ಇಂಟರ್ನೆಟ್ ದಿನಕ್ಕೆ ಒಂದು ಗಂಟೆ. ಕೊರತೆ ತುಂಬಲು ಎಂಜಿನ್ನನ್ನು ಬೆಳಿಗ್ಗೆ ನಿಗದಿತ ಹೊತ್ತಿಗೆ ಓಡಿಸಿ, ಹಚ್ಚುವ ಮೊದಲು ಎಣ್ಣೆ ನೋಡಿ, ಹಚ್ಚಿದ ಮೇಲೆ ಹಿಂಬದಿಯಿಂದ ತಂಪುನೀರು ಉಗುಳುತ್ತಿದೆಯೇ ಎಂದು ಬಗ್ಗಿ ನೋಡಿ. ಗಾಳಿಯ ಬಲದಿಂದಲೇ ಚುಕ್ಕಾಣಿ ತಿರುಗಿಸುವ ಸಾಧನವಿದ್ದರೆ ಈ ತಾಪತ್ರಯದ ಅರ್ಧ ಇಲ್ಲವಾಗುತ್ತದೆ. ದುಬಾರಿಯಾದರೂ ನಾನು ಅದರ ಪಕ್ಷ.

ಸೀಸದ ಬ್ಯಾಟರಿ ವಿಶ್ರಾಂತಿಯಲ್ಲಿರುವಾಗ 12.2 ವೋಲ್ಟಿಗೆ ಇಳಿದರೆ ಅರ್ಧ ಖಾಲಿ ಎಂದು ತಿಳಿಯಿರಿ, ಅದಕ್ಕಿಂತ ಕೆಳಗೆ ಬಿಡಬೇಡಿ. ಲೀಥಿಯಂ ಬ್ಯಾಟರಿಗೆ ವೋಲ್ಟೇಜ್ ನೋಡಿ ಲೆಕ್ಕ ಹಾಕಲಾಗದು, ಅದರ ಮಾಪಕವನ್ನೇ ಓದಬೇಕು.

## 8. ಬೆಳಗಿನ ಸುತ್ತು: ಸವೆತದ ಬೇಟೆ

ಈ ದಾರಿಯಲ್ಲಿ ಹಾಯಿ, ಹಗ್ಗಗಳು ಗಾಳಿಯ ಹೊಡೆತಕ್ಕಿಂತ ಉಜ್ಜಿಯೇ ಹೆಚ್ಚು ಹಾಳಾಗುತ್ತವೆ. ದಿನಕ್ಕೆ ಸಾವಿರಾರು ಸಲ ಹೊರಳುವಾಗ ಒಂದೇ ಜಾಗ ಉಜ್ಜಿ ಉಜ್ಜಿ, ತೋಳಿನ ದಪ್ಪದ ಭರವಸೆ ಕೊಟ್ಟ ಹಗ್ಗ ಎಳೆ ಎಳೆಯಾಗುತ್ತದೆ. ಬೆಳಕಾದ ಕೂಡಲೇ, ಕೊಕ್ಕೆ ಸಿಕ್ಕಿಸಿಕೊಂಡು, ಇನ್ನೊಬ್ಬರು ನೋಡುತ್ತಿರುವಾಗ ಈ ಕ್ರಮದಲ್ಲಿ ಸುತ್ತು ಹಾಕಿ:

1. ಗಾಳಿ ಬರುವ ಬದಿಯಿಂದ ಮುಂದಕ್ಕೆ ಹೋಗಿ, ಇನ್ನೊಂದು ಬದಿಯಿಂದ ಹಿಂದಕ್ಕೆ ಬನ್ನಿ. ಡೆಕ್ಕಿನ ಮೇಲೆ ಬಿದ್ದಿರುವುದನ್ನು ಹುಡುಕಿ. ಹಾರುವ ಮೀನು ಬಿದ್ದಿದ್ದರೆ ಸಮುದ್ರಕ್ಕೆ ಹಾಕಿ. ಪಿನ್ನು, ಉಂಗುರ, ನಟ್ಟು ಬಿದ್ದಿದ್ದರೆ ಅದು ಎಲ್ಲಿಂದ ಬಿತ್ತೆಂದು ಗೊತ್ತಾಗುವವರೆಗೆ ಬೇರೆ ಕೆಲಸ ಮಾಡಬೇಡಿ.

2. ಕೂವೆಕಂಬದ ತುದಿಯವರೆಗೆ ದುರ್ಬೀನಿನಿಂದ ನೋಡಿ. ಹಾಯಿ ಎಲ್ಲಿ ತಂತಿಗೆ, ಅಡ್ಡಕೋಲಿಗೆ ಒರಗಿದೆ? ಆ ಜಾಗಕ್ಕೆ ಹಾಯಿಯ ಪಟ್ಟಿ ಅಂಟಿಸಬೇಕು.

3. ಹಾಯಿ ಏರಿಸುವ ಹಗ್ಗವನ್ನು ಹತ್ತು ಸೆಂಟಿಮೀಟರ್ ಸಡಿಲಿಸಿ ಅಥವಾ ಬಿಗಿಮಾಡಿ. ರಾಟೆಯ ಮೇಲೆ ಹೊಸ ಜಾಗ ಕೂರುತ್ತದೆ.

4. ಮುಖ್ಯ ಹಾಯಿಯ ತಳವನ್ನು ಹಿಡಿದಿರುವ ಅಡ್ಡಕಂಬವಾದ ಬೂಮಿನ ತುದಿಯಿಂದ ಮೂತಿಗೆ ಹೋಗಿ ಕಾಕ್‌ಪಿಟ್ಟಿಗೆ ಮರಳುವ ತಡೆಹಗ್ಗವನ್ನು ಉದ್ದಕ್ಕೂ ಕೈಯಾಡಿಸಿ ನೋಡಿ. ಗಾಳಿ ಹಿಂಬದಿಯಿಂದ ಬೀಸುವಾಗ ಬೂಮ್ ಇದ್ದಕ್ಕಿದ್ದಂತೆ ಇನ್ನೊಂದು ಬದಿಗೆ ಬೀಸಿ ತಲೆ ಒಡೆಯದಂತೆ ಹಿಡಿದಿರುವುದು ಅದೊಂದೇ.

5. ನೆಲದ ಹಲಗೆ ಎತ್ತಿ ತಳ ನೋಡಿ. ನೀರಿದ್ದರೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ. ಉಪ್ಪಾದರೆ ಸಮುದ್ರ ಒಳಗೆ ಬರುತ್ತಿದೆ, ಸಪ್ಪೆಯಾದರೆ ಕುಡಿಯುವ ನೀರು ಹೋಗುತ್ತಿದೆ. ಎರಡಕ್ಕೂ ತಕ್ಷಣ ಮೂಲ ಹುಡುಕಬೇಕು.

ಚುಕ್ಕಾಣಿ ಭಾರವಾಗಿ, ವೇಗ ಕಾರಣವಿಲ್ಲದೆ ಇಳಿದರೆ ಹಳದಿ ಕಂದು ಬಣ್ಣದ ಸರ್ಗಾಸಮ್ ಪಾಚಿ ಸುತ್ತಿಕೊಂಡಿರಬಹುದು. ಮೀನಿನ ಗಾಳಕ್ಕೂ ಅದೇ ಕಾಟ.

## 9. ನಡುಹಗಲ ದಾಖಲೆ

ಸ್ಥಾನ, ಸಾಗಿದ ದೂರ, ವಾಯುಭಾರ, ಬ್ಯಾಟರಿ, ನೀರು, ಡೀಸೆಲ್. ಹತ್ತು ನಿಮಿಷದ ಕೆಲಸ, ಒಂದು ದಿನವೂ ತಪ್ಪಬಾರದು. ಉಷ್ಣವಲಯದಲ್ಲಿ ವಾಯುಭಾರ ದಿನಕ್ಕೆರಡು ಸಲ ತಾನಾಗಿಯೇ ಏರಿಳಿಯುತ್ತದೆ, ಸ್ಥಳೀಯ ಸಮಯ ಹತ್ತರ ಸುಮಾರಿಗೆ ಮೇಲೆ, ನಾಲ್ಕರ ಸುಮಾರಿಗೆ ಕೆಳಗೆ. ಮಧ್ಯಾಹ್ನ ಇಳಿಯಿತೆಂದು ಗಾಬರಿಯಾಗಬೇಡಿ. ನಿನ್ನೆ ಇದೇ ಹೊತ್ತಿನ ಅಂಕಿಯೊಂದಿಗೆ ಹೋಲಿಸಿ, ಮೂರು ಹೆಕ್ಟೊಪ್ಯಾಸ್ಕಲ್‌ಗಿಂತ ಹೆಚ್ಚು ಇಳಿದಿದ್ದರೆ ಹವಾಮಾನ ವರದಿ ತರಿಸಿ.

## 10. ಸಂಜೆಯ ತಯಾರಿ ಮತ್ತು ಮೋಡದ ಹೊಡೆತ

ಕತ್ತಲಾಗುವ ಒಂದು ಗಂಟೆ ಮೊದಲು ಮುಖ್ಯ ಹಾಯಿಯನ್ನು ಕಿರಿದು ಮಾಡಿ. ಗಾಳಿ ಹಿತವಾಗಿದೆ, ಅರ್ಧ ನಾಟ್ ವೇಗ ಹೋಗುತ್ತದೆ ಎಂಬ ವಾದ ಪ್ರತಿ ಸಂಜೆಯೂ ಏಳುತ್ತದೆ. ಆ ಅರ್ಧ ನಾಟ್‌ಗಾಗಿ ರಾತ್ರಿ ಮೂರಕ್ಕೆ ನಾಲ್ವರೂ ಮಳೆಯಲ್ಲಿ ಡೆಕ್ಕಿನ ಮೇಲೆ ನಿಲ್ಲುವುದು ಲಾಭದ ವ್ಯಾಪಾರವಲ್ಲ. ಫ್ಲಾಸ್ಕಿನಲ್ಲಿ ಬಿಸಿನೀರು, ತಿಂಡಿಯ ಡಬ್ಬಿ, ತಲೆದೀಪ, ಜಾಕೆಟ್ಟು ಅವುಗಳ ಜಾಗದಲ್ಲಿವೆಯೇ ನೋಡಿ, ಸಂಚಾರ ದೀಪ ಹಚ್ಚಿ.

ದಾರಿಯ ಎರಡನೆಯ ಅರ್ಧದಲ್ಲಿ ಮಳೆಮೋಡದ ಹೊಡೆತಗಳು ಹೆಚ್ಚು. ಕೆಲವೇ ನಿಮಿಷಗಳಲ್ಲಿ 18 ನಾಟ್ ಗಾಳಿ 35 ಆಗಬಹುದು. ಹಗಲಲ್ಲಿ ಕಪ್ಪು ತಳದ ಮೋಡ, ಅದರಡಿ ಮಳೆಯ ಪರದೆ ಕಾಣುತ್ತದೆ. ರಾತ್ರಿ ಹಿಂದಿನ ದಿಗಂತದಲ್ಲಿ ನಕ್ಷತ್ರಗಳು ಒಂದೊಂದಾಗಿ ಮಾಯವಾದರೆ ಅದೇ ಗುರುತು. ರೇಡಾರಿನಲ್ಲಿ ಮಳೆ ಚೆನ್ನಾಗಿ ಮೂಡುತ್ತದೆ. ತಣ್ಣನೆಯ ಗಾಳಿ ಮುಖಕ್ಕೆ ತಾಗಿತೆಂದರೆ ಸಮಯ ಮುಗಿದಂತೆಯೇ.

ಕ್ರಮ ಹೀಗಿರಲಿ: ಮೊದಲು ಮುಂದಿನ ಹಾಯಿಯನ್ನು ಸುತ್ತಿ, ಆಮೇಲೆ ಕಿಟಕಿ ಬಾಗಿಲು ಮುಚ್ಚಿ, ಚುಕ್ಕಾಣಿಯ ಬಳಿ ಕೈ ಸಿದ್ಧವಾಗಿಟ್ಟು ದೋಣಿಯನ್ನು ಗಾಳಿಗೆ ಬೆನ್ನು ಮಾಡಿ ಓಡಿಸಿ. ಹೊಡೆತ ಹೋದ ಮೇಲೆ ಗಾಳಿ ಸತ್ತಂತಾಗುತ್ತದೆ. ಹಾಯಿ ಪಟಪಟಿಸುವುದನ್ನು ನೋಡಲಾರದೆ ತಕ್ಷಣ ಬಿಚ್ಚುವುದೇ ಎಲ್ಲರೂ ಮಾಡುವ ತಪ್ಪು. ಹಿಂದೆಯೇ ಇನ್ನೊಂದು ಇರುತ್ತದೆ, ಇಪ್ಪತ್ತು ನಿಮಿಷ ಕಾಯಿರಿ.

## 11. ಮೈ, ಶೌಚ, ಕಸ, ಮನೆಯ ಸುದ್ದಿ

ಸ್ನಾನ ಸಮುದ್ರದ ನೀರಿನಲ್ಲಿ, ಕೊನೆಗೆ ಒಂದು ಲೀಟರ್ ಸಿಹಿನೀರು. ತೊಡೆಸಂದು, ಪೃಷ್ಠದಲ್ಲಿ ಉಪ್ಪು ಉಳಿದರೆ ಮೂರನೆಯ ದಿನಕ್ಕೆ ಗುಳ್ಳೆ, ಆರನೆಯ ದಿನಕ್ಕೆ ಹುಣ್ಣು. ಒಣ ಒಳಉಡುಪು ದಿನವೂ ಬದಲಿಸಿ. ಓಡುವ ದೋಣಿಯಿಂದ ಬಕೆಟ್ಟಿಳಿಸುವಾಗ ಅದರ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ತುಂಬಿದ ಬಕೆಟ್ಟು ನಿಮ್ಮನ್ನೇ ಎಳೆದುಕೊಳ್ಳುತ್ತದೆ. ಶೌಚಕ್ಕೆ ಎಲ್ಲರೂ ಕುಳಿತುಕೊಳ್ಳಬೇಕು, ಬಳಸಿದ ಮೇಲೆ ಕವಾಟ ಮುಚ್ಚಬೇಕು.

ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಎಸೆಯುವುದು ಎಲ್ಲೆಡೆಯೂ ಕಾನೂನುಬಾಹಿರ. ಉಪ್ಪುನೀರಿನಲ್ಲಿ ತೊಳೆದು, ಕತ್ತರಿಸಿ, ಬಾಟಲಿಯೊಳಗೆ ತುರುಕಿದರೆ ಮೂರು ವಾರದ ಕಸ ಒಂದು ಚೀಲದಲ್ಲಿ ಹಿಡಿಯುತ್ತದೆ.

ಮನೆಯವರಿಗೆ ಒಂದು ಮಾತು ಮೊದಲೇ ಹೇಳಿ: ಸಂದೇಶ ಬಾರದಿದ್ದರೆ ಉಪಕರಣ ಕೆಟ್ಟಿದೆ ಎಂದುಕೊಳ್ಳಿ, ಅಪಾಯವಾದರೆ ತಿಳಿಸುವ ಬೀಕನ್ ಬೇರೆಯೇ ಇದೆ ಎಂದು. ದಿನವೂ ಫೋನ್ ಮಾಡುತ್ತೇನೆ ಎಂದು ಮಾತು ಕೊಟ್ಟು ಹೋದವರು ಆಂಟೆನಾ ಕೈಕೊಟ್ಟ ದಿನ ಊರಿನಲ್ಲಿ ಹಾಹಾಕಾರ ಎಬ್ಬಿಸುತ್ತಾರೆ.

## 12. ಕೊನೆಯ 150 ಮೈಲಿ

ದಡ ಹತ್ತಿರವಾದಂತೆ ಪಾಳಿ ಸಡಿಲವಾಗುತ್ತದೆ, ಎಲ್ಲರೂ ಹೊರಗೆ ಕುಳಿತು ದೀಪ ಹುಡುಕುತ್ತಾರೆ. ಪಾಳಿಯನ್ನು ಬಿಗಿಯಾಗಿ ಹಿಡಿಯಬೇಕಾದದ್ದು ಇಲ್ಲೇ. ಹಡಗುಗಳು, ಮೀನುಗಾರರು ಹೆಚ್ಚುತ್ತಾರೆ, ಮಾರ್ಟಿನೀಕ್ ಮತ್ತು ಸೇಂಟ್ ಲೂಸಿಯಾ ನಡುವಿನ ಕಡಲ್ಗಾಲುವೆಯಲ್ಲಿ ಗಾಳಿಯೂ ಬಲವಾಗುತ್ತದೆ.

ಒಂದು ದಿನ ಮೊದಲೇ ಎಂಜಿನ್ನನ್ನು ಅರ್ಧ ಗಂಟೆ ಗೇರಿನಲ್ಲಿ ಓಡಿಸಿ ನೋಡಿ. ಅದಕ್ಕೂ ಮುನ್ನ ಯಾವುದೇ ಹಗ್ಗ ನೀರಿನಲ್ಲಿ ತೇಲುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಲಂಗರಿನ ಕಟ್ಟು ಬಿಚ್ಚಿ ಸಿದ್ಧವಾಗಿಡಿ. ಆಮೇಲೆ ಲೆಕ್ಕ ಹಾಕಿ: ದ್ವೀಪ ತಲುಪುವುದು ರಾತ್ರಿಯಾದರೆ ಹಾಯಿ ಇಳಿಸಿ ವೇಗ ತಗ್ಗಿಸಿ, ಬೆಳಕಿನಲ್ಲೇ ದ್ವೀಪದ ಉತ್ತರ ತುದಿಯ ಪಿಜನ್ ಐಲೆಂಡನ್ನು ಬಳಸಿ ರಾಡ್ನಿ ಕೊಲ್ಲಿಗೆ ಇಳಿಯಿರಿ. ಮೂರು ವಾರ ದಾಟಿದವರಿಗೆ ಆರು ಗಂಟೆ ಕಾಯುವುದು ದೊಡ್ಡದೇನಲ್ಲ, ಆದರೆ ಹೆಚ್ಚಿನವರಿಗೆ ಇದೇ ಕಷ್ಟ.

ಒಳಗೆ ಬರುವಾಗ ಹಳದಿ ಬಾವುಟ ಏರಿಸಿ. ಸುಂಕ ಮತ್ತು ವಲಸೆ ಅಧಿಕಾರಿಗಳ ಒಪ್ಪಿಗೆ ಸಿಗುವವರೆಗೆ ಸ್ಕಿಪ್ಪರ್ ಒಬ್ಬರೇ ಎಲ್ಲರ ಪಾಸ್‌ಪೋರ್ಟ್ ಹಿಡಿದು ದಡಕ್ಕೆ ಹೋಗಬೇಕು, ಉಳಿದವರು ದೋಣಿಯಲ್ಲೇ ಇರಬೇಕು.